ಮಾಸ್ತಮ್ಮ ಬೈದ ಬೆಕ್ಕು

ಕೆಳದಿಗೆ ಹೋಗುವ ದಾರಿಯ ಊರೊಂದರಲ್ಲಿ ಮಾಸ್ತಮ್ಮನ ಮನೆ. ಭೂಮಿ ಹುಣ್ಣಿಮೆ ಹತ್ತಿರ ಬಂತೆಂದರೆ ಅವಳು ಬಿದಿರಿನ ಬುಟ್ಟಿಗಳನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂರುತ್ತಾಳೆ. ಸಗಣಿ ಬಳಿದು, ಅದರ ಮೇಲೆ ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ ಚಿತ್ತಾರ ಬರೆಯಬೇಕು. ಪೈರು ಹೊತ್ತ ಭೂಮಿತಾಯಿ ಬಸಿರಿ. ಅವಳ ಬಯಕೆಯೂಟ ಗದ್ದೆಗೆ ಹೋಗುವುದು ಈ ಬುಟ್ಟಿಗಳಲ್ಲೇ. ಒಂದು ದೊಡ್ಡದು, ಒಂದು ಚಿಕ್ಕದು. ಮಾಸ್ತಮ್ಮನ ಗೆರೆ ನೂಲು ಹಿಡಿದು ಎಳೆದ ಹಾಗೆ ಎಂದು ಊರವರು ಹೇಳುತ್ತಾರೆ. ಆ ಮಾತು ಅವಳ ಕಿವಿಗೂ ಬಿದ್ದಿದೆ. ಬೀಳದವಳ ಹಾಗೆ ಇರುತ್ತಾಳೆ, ಅಷ್ಟೆ.

ಈ ಕೆಲಸಕ್ಕೆ ಮೂರು ವರ್ಷದಿಂದ ಬೆಕ್ಕಿನ ಕಾಟ. ಪಕ್ಕದ ಮನೆಗೆ ವಾಗ್ದೇವಿ ಟೀಚರ್ ಬಂದಾಗಿನಿಂದ ಶುರುವಾದದ್ದು. ಎರಡು ಬಿಳಿ, ಒಂದು ಕರಿ. ಬಿಳಿಯವು ಬೇಲಿ ನುಸುಳಿ ಬಂದು ಹೋಗುತ್ತವೆ. ಕರಿಯದಕ್ಕೆ ಮಾತ್ರ ಮಾಸ್ತಮ್ಮನ ಜಗಲಿಯೇ ಬೇಕು, ಅದರಲ್ಲೂ ಹಸಿ ಕೆಮ್ಮಣ್ಣೇ ಬೇಕು. ಮೂಸಂಬಿ ಸಿಪ್ಪೆ ಹರಡಿದಳು, ಮುಳ್ಳು ಅಡ್ಡ ಇಟ್ಟಳು, ನೀರು ಎರಚಿದಳು. ಬೆಕ್ಕು ಒದ್ದೆ ಮೈ ನೆಕ್ಕಿಕೊಂಡು ಅಲ್ಲೇ ಕೂತಿತು.

ಟೀಚರಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಮಗ ದಿನೇಶನಿಗೆ ಚಿಕ್ಕಂದಿನಲ್ಲಿ ಶಾಲೆಯಲ್ಲಿ ಅಕ್ಷರ ಕಲಿಸಿದಾಕೆ ಅವರು. ಅಂಥವರ ಮುಖಕ್ಕೆ ಮುಖ ಕೊಟ್ಟು ದೂರು ಹೇಳುವುದು ಮಾಸ್ತಮ್ಮನಿಂದಾಗದು. ಹಾಗಾಗಿ ಬೇಲಿಯಾಚೆ ಹೇಳಬೇಕಾದ್ದನ್ನೆಲ್ಲ ಅವಳು ಗಂಟಲೆತ್ತಿ ಬೆಕ್ಕಿಗೇ ಹೇಳುತ್ತಿದ್ದಳು.

"ಬಂದ್ಯೇನೇ ಮೂಳಿ? ನಿನಗೆ ಮನೆ ಇಲ್ವಾ, ಮಠ ಇಲ್ವಾ? ಸಾಕಿದವ್ರಿಗೆ ಕಟ್ಟಿಹಾಕಕ್ಕೆ ಏನಾಗೈತೆ?"

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮೂರು ವರ್ಷ ಇದು ತಪ್ಪಲಿಲ್ಲ. ಬೇಲಿಯಾಚೆಯಿಂದ ಟೀಚರ್ ನಗುಮುಖ ತೋರಿಸಿ ಒಳಗೆ ಹೋಗುತ್ತಿದ್ದರು. ಎಂಥಾ ದಪ್ಪ ಚರ್ಮ ಎಂದು ಮಾಸ್ತಮ್ಮನಿಗೆ ಮೈ ಉರಿಯುತ್ತಿತ್ತು.

ಈ ಸಲ ಹುಣ್ಣಿಮೆಗೆ ಮೂರು ದಿನ ಇರುವಾಗ ಕರಿಬೆಕ್ಕು ದೊಡ್ಡ ಬುಟ್ಟಿಯ ಹಸಿ ಚಿತ್ತಾರದ ಮೇಲೆ ನಾಲ್ಕು ಹೆಜ್ಜೆ ಮೂಡಿಸಿ ಹೋಯಿತು. ಮಾಸ್ತಮ್ಮ ದಿನೇಶನನ್ನು ಕರೆದು ಕೈಗೆ ಗೋಣಿಚೀಲ ಕೊಟ್ಟಳು. ಹೊಳೆ ದಾಟಿಸಿದ ಬೆಕ್ಕು ತಿರುಗಿ ಬರುವುದಿಲ್ಲ ಎಂಬುದು ಹಿಂದಿನಿಂದ ಬಂದ ನಂಬಿಕೆ. ಅವನು ಬೈಕಿನಲ್ಲಿ ಸೇತುವೆ ದಾಟಿ, ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ಬಿಟ್ಟು ಬಂದ.

ಮರುದಿನ ಬೆಳಿಗ್ಗೆ ಚಿಕ್ಕ ಬುಟ್ಟಿ ತರಲು ಅವಳು ಅಟ್ಟದ ಏಣಿ ಹತ್ತಿದಳು. ಬುಟ್ಟಿಯೊಳಗೆ ಹಳೇ ಸೀರೆಯ ಮೇಲೆ ಮೂರು ಕರಿ ಮರಿಗಳು, ಕಣ್ಣು ಬಿಟ್ಟಿರಲಿಲ್ಲ. ಕೂಗುವ ಶಕ್ತಿ ಒಂದಕ್ಕೆ ಮಾತ್ರ ಉಳಿದಿತ್ತು.

ಮಾಸ್ತಮ್ಮ ಏಣಿಯ ಮೇಲೆಯೇ ನಿಂತುಬಿಟ್ಟಳು. ಬಸಿರಿಗೆ ಬಯಕೆ ಬಡಿಸಲು ಹೊರಟವಳು ಬಾಣಂತಿಯನ್ನು ಹೊಳೆ ದಾಟಿಸಿದ್ದಳು. ಈ ಕೈಯಲ್ಲಿ ಇನ್ನು ಭೂಮಿತಾಯಿಗೆ ಎಡೆ ಮಾಡುವುದು ಹೇಗೆ? ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಮರಿಗಳು ಚೀಪಲಿಲ್ಲ.

ಮೂರು ವರ್ಷದಲ್ಲಿ ಮೊದಲ ಸಲ ಅವಳು ಬೇಲಿ ಬಳಸಿ ಟೀಚರ ಬಾಗಿಲಿಗೆ ಹೋದಳು.

"ಟೀಚರಮ್ಮ, ತಪ್ಪಾಗೋಯ್ತು. ನಿಮ್ಮ ಕರಿಬೆಕ್ಕನ್ನ ಹೊಳೆ ಆಚೆ ಬಿಡ್ಸಿಬಿಟ್ಟೆ. ಅದು ಮರಿ ಹಾಕಿತ್ತು, ನಂಗೆ ಗೊತ್ತಿರ್ಲಿಲ್ಲ."

ವಾಗ್ದೇವಿ ಟೀಚರ್ ಕನ್ನಡಕ ತೆಗೆದರು. "ನಮ್ಮದಾ? ನಮ್ಮವು ಎರಡು ಬಿಳೀವು ಮಾತ್ರ ಮಾಸ್ತಮ್ಮ. ಕರೀದು ನಿಮ್ಮದಲ್ವಾ?"

"ನಂದಾ?"

"ದಿನಾ ಎರಡು ಹೊತ್ತು ಅದರ ಹತ್ರ ಮಾತಾಡ್ತಿದ್ರಲ್ಲ. ಮನೆ ಮಕ್ಕಳನ್ನ ಬೈದ ಹಾಗೆ ಬೈತಿದ್ರಿ. ಎಷ್ಟು ಪ್ರೀತಿ ಇವ್ರಿಗೆ ಅಂತ ನಾನು ನಗ್ತಿದ್ದೆ."

ಮಾಸ್ತಮ್ಮ ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಇಳಿದಳು.

ಇಬ್ಬರೂ ಆಟೋ ಹಿಡಿದು ಸೇತುವೆ ದಾಟಿದರು. ಟೀಚರ್ ಕಟ್ಟೆಯ ಸುತ್ತ ಪುಸ್ ಪುಸ್ ಎಂದು ಕರೆದರು, ತಂದಿದ್ದ ಹಾಲು ಇಟ್ಟರು. ಎರಡು ನಾಯಿ ಬಂದವು. ಅರ್ಧ ತಾಸು ಕಳೆಯಿತು. ಆಟೋದವನು ಎರಡು ಸಲ ಹಾರ್ನ್ ಒತ್ತಿದ.

ಮಾಸ್ತಮ್ಮನಿಗೆ ಅಳು ಬಂತು. ಅಳು ಬಂದರೆ ಅವಳ ಬಾಯಿಂದ ಹೊರಡುವುದು ಬೈಗುಳವೇ.

"ಎಲ್ಲಿ ಹಾಳಾಗಿ ಹೋದ್ಯೇ ಮೂಳಿ! ನಿನಗೆ ಮನೆ ಇಲ್ವಾ, ಮಠ ಇಲ್ವಾ?"

ಕಟ್ಟೆಯ ಹಿಂದಿನ ಲಂಟಾನ ಪೊದೆ ಅಲುಗಿತು. ಕರಿಬೆಕ್ಕು ಹೊರಗೆ ಬಂತು. ಹಾಲಿನ ಕಡೆ ನೋಡದೆ, ಟೀಚರನ್ನೂ ದಾಟಿ ಬಂದು ಮಾಸ್ತಮ್ಮನ ಕಾಲಿನ ಹತ್ತಿರ ಕೂತಿತು. ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮನೆ ಮುಟ್ಟುವವರೆಗೂ ಬೈಗುಳ ನಿಲ್ಲಲಿಲ್ಲ.

ಹುಣ್ಣಿಮೆಯ ಬೆಳಗಿನ ಜಾವ ಗಂಡ ಕೆರಿಯಪ್ಪ ಬುಟ್ಟಿ ಹೊರಲು ಬಂದ. ದೊಡ್ಡದರಲ್ಲಿ ಬೆಕ್ಕಿನ ನಾಲ್ಕು ಹೆಜ್ಜೆ ಹಾಗೆಯೇ ಇದ್ದವು. ಮಾಸ್ತಮ್ಮ ಅವನ್ನು ಅಳಿಸದೆ ಸುತ್ತ ಗೆರೆ ಎಳೆದಿದ್ದಳು. ಚಿಕ್ಕದು ಕಾಣಲಿಲ್ಲ.

"ಸಣ್ಣ ಬುಟ್ಟಿ ಎಲ್ಲೇ?"

"ಅಟ್ಟದ ಮೇಲೈತೆ. ಮುಟ್ಬೇಡಿ," ಎಂದಳು ಮಾಸ್ತಮ್ಮ, "ಬಾಣಂತಿ ಮಲಗೈತೆ ಅದ್ರಲ್ಲಿ."