ಎಂಟನೆಯ ಉಂಡೆ

ಕಾಮಸಮುದ್ರ ದಾಟಿ ಬಂಗಾರಪೇಟೆಗೆ ಹೊರಟಿದ್ದ ನಮ್ಮ ಬಸ್ಸನ್ನು ಒಂದು ಹಳ್ಳಿಯ ಮುಂದೆ ಊರವರು ತಡೆದು ನಿಲ್ಲಿಸಿದರು. ಬಿಸಿಲೇರಿದ್ದರೂ ಯಾರೂ ದನ ಬಿಚ್ಚಿರಲಿಲ್ಲ. ಕೊಟ್ಟಿಗೆಗಳ ತುಂಬ ಅಂಬಾ ಎಂಬ ಕೂಗು. ಕಡಲೆಕಾಯಿ ಹೊಲಕ್ಕೆ ನುಗ್ಗುವ ಕಾಡುಹಂದಿಗಳಿಗೆಂದು ಮುನಿಯಪ್ಪನೆಂಬ ರೈತ ಹಿಂದಿನ ಸಂಜೆ ಕಚ್ಚಿದೊಡನೆ ಸಿಡಿಯುವ ಮದ್ದನ್ನು ಹಿಟ್ಟಿನಲ್ಲಿ ಸುತ್ತಿ ಎಂಟು ಉಂಡೆ ಇಟ್ಟಿದ್ದನಂತೆ. ಬೆಳಿಗ್ಗೆ ದನ ಬಿಡುವ ಮುನ್ನ ಅವನ್ನು ಆರಿಸಿ ತರುವುದು ವಾಡಿಕೆ. ಸಿಕ್ಕಿದ್ದು ಏಳೇ. ಇನ್ನೊಂದು ರಸ್ತೆಗೇನಾದರೂ ಬಿದ್ದಿದ್ದರೆ ಎಂದು ಬಸ್ಸನ್ನೂ ತಡೆದಿದ್ದರು.

"ಸಿಡಿದ ಸದ್ದೂ ಕೇಳ್ಲಿಲ್ಲ ಸ್ವಾಮಿ. ಎಲ್ಗೋಯ್ತೋ ಕಾಣೆ," ಎಂದ ಮುನಿಯಪ್ಪ.

ನನ್ನ ಪಕ್ಕ ಕೂತಿದ್ದವನು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಸುವವನು. ಪಾಳಿಗೆ ತಡವಾಗುತ್ತಿದ್ದರೂ ಗೊಣಗಲಿಲ್ಲ. "ಮದ್ದಿಗೆ ಬೆಂಕಿ ಇಡಾಕೆ ಮುಂಚೆ ನಾವು ಸೀಟಿ ಊದ್ತೀವಿ ಸಾರ್. ಇದಕ್ಕೆ ಊದೋರ್ಯಾರು?"

ಅಷ್ಟರಲ್ಲಿ ಬೇಲಿ ನುಸುಳಿ ಮುನಿಯಪ್ಪನ ನಾಯಿ ಬಂತು. ಬಾಯಲ್ಲಿ ಉಂಡೆ. ನಮ್ಮ ಡ್ರೈವರ್ ಹಾರನ್ನಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದ. ಮುನಿಯಪ್ಪ ರಸ್ತೆಯಲ್ಲೇ ಕುಕ್ಕರಗಾಲಲ್ಲಿ ಕೂತು, "ಕಡೀಬ್ಯಾಡ ಕಣ್ಲಾ, ಕೆಳಗಿಡು ನಮ್ಮಪ್ಪಾ," ಎಂದು ಮಗುವನ್ನು ರಮಿಸುವಂತೆ ಬೇಡಿದ.

ಒಡೆಯ ಮುದ್ದಿಗೆ ಕರೆಯುತ್ತಿದ್ದಾನೆ ಎಂದುಕೊಂಡಿತೋ ಏನೋ, ನಾಯಿ ಬಾಲ ಅಲ್ಲಾಡಿಸುತ್ತ ಅವನತ್ತ ಓಡತೊಡಗಿತು.