ಹಸೀನಾಬೇಗಂ ಹೇಳಿದ ಸಿನಿಮಾ

ನಮ್ಮ ದೊಡ್ಡವ್ವ ಉಡಚಮ್ಮ ಅಳುವುದರಲ್ಲಿ ಹೆಸರಾದವಳು. ನಗಬೇಡಿ. ನಮ್ಮ ಕಡೆ ಸತ್ತವರ ಮುಂದೆ ಸುಮ್ಮನೆ ಅತ್ತರೆ ನಡೆಯುವುದಿಲ್ಲ; ಅವರ ಗುಣ ಎತ್ತಿ ಹಾಡಿ ಅಳಬೇಕು. ಗಂಗಾವತಿ ಹತ್ತಿರದ ಮರಳಿ ಎಂಬ ಊರಿನಲ್ಲಿ ಅವಳ ಗಂಡ ಗಿಡ್ಡಪ್ಪ ಹಾವು ಕಡಿದು ಸತ್ತಾಗ ಅವಳು ಕಟ್ಟಿದ ಹಾಡು ಕೇಳಿ ಹೆಣ ಹೊರಲು ಬಂದವರೇ ಕುಸಿದು ಕೂತರಂತೆ. ಆಮೇಲೆ ಪ್ರತಿವರ್ಷ ಮಾನೌಮಿ ಅಮಾಸೆಗೆ ಅವನನ್ನು ಹೂಳಿದ ಜಾಗಕ್ಕೆ ಹೋಗಿ ಅದನ್ನೇ ಹಾಡುತ್ತಿದ್ದಳು. ಮಕ್ಕಳಿರಲಿಲ್ಲ. ಗಂಡನದು ಅಂತ ಉಳಿದದ್ದು ಆ ಹಾಡೊಂದೇ.

ಕುಷ್ಟಗಿಯ ಹುಲಗಪ್ಪ, ಕಲ್ಲು ಒಡೆಯುವವನು, ಉಡಕಿ ಮಾಡಿಕೊಳ್ಳುತ್ತೇನೆ ಅಂತ ಬಂದ. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಕರೆದುಕೊಂಡು ಹೋಗುವ ಮದುವೆ ಅದು; ನಮ್ಮವರಲ್ಲಿ ತಪ್ಪೇನಲ್ಲ. ಆದರೆ ಉಡಕಿಯಾದವಳು ಮೊದಲಿನ ಗಂಡನ ಹೆಸರು ಹಿಡಿದು ಹಾಡುವಂತಿಲ್ಲ. ದೊಡ್ಡವ್ವ ಒಲ್ಲೆ ಅಂದಳು.

ಆಗ ಗಂಗಾವತಿಗೆ ಟೆಂಟ್ ಸಿನಿಮಾ ಬಂದಿತ್ತು. ಸಾವಿರದೊಂಬೈನೂರಾ ನಲವತ್ತೊಂದೋ ಎರಡೋ. ಬಳೆ ಮಾರುವ ಹಸೀನಾಬೇಗಂ ಮರಳಿಗೆ ಬಂದಾಗಲೆಲ್ಲ ದೊಡ್ಡವ್ವನ ಕಟ್ಟೆಯ ಮೇಲೆಯೇ ಕೂರುವವಳು. ಬಳೆ ಇಡದವಳ ಮನೆಯಲ್ಲಿ ಬಳೆಗಾರ್ತಿಗೇನು ಕೆಲಸ ಅಂತ ಓಣಿ ಮಂದಿ ಆಡಿಕೊಂಡರೂ ಬಿಟ್ಟವಳಲ್ಲ.

"ಬಾರವ್ವ, ಪ್ಯಾರಿನ ಸಿನಿಮಾ ಅಂತ. ನೋಡಿ ಬರೂಣು."

"ಕುಣಿಯೋದು ನೋಡಾಕ ನಾ ಒಲ್ಲೆ."

ಬೇಗಂ ಎಳೆದುಕೊಂಡೇ ಹೋದಳು. ಹೆಂಗಸರ ಕಡೆ, ಉಸುಕಿನ ಮೇಲೆ ಇಬ್ಬರೂ ಕೂತರು. ಮಾತೆಲ್ಲ ಉರ್ದು, ಬೇಗಂ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದಳು. ಕುಣಿತ ಎಲ್ಲಿಯದು! ಪರದೆಯ ಮೇಲೆ ಒಬ್ಬಳು ಸತ್ತ ಗಂಡನ ಪೇಟ ಮಡಿಲಲ್ಲಿ ಇಟ್ಟುಕೊಂಡು ಹಾಡಿ ಅಳುತ್ತಿದ್ದಳು, ಥೇಟ್ ನಮ್ಮವರ ಹಾಗೆ. ಅಷ್ಟರಲ್ಲಿ ಒಬ್ಬ ಗಂಡಸು ಬಂದು, ಅವಳ ಪಕ್ಕ ಕೂತು, ಅವಳ ಹಾಡಿಗೆ ತಂಬೂರಿ ಮೀಟಿದ.

"ಯಾರವ?" ದೊಡ್ಡವ್ವ ನಗುತ್ತ ಕೇಳಿದಳು.

"ಹೊಸಾ ಗಂಡ," ಅಂದಳು ಬೇಗಂ. "ಸತ್ತವನ್ನ ಮರೀಬ್ಯಾಡ, ನಾನೂ ಕೂಡಿ ಹಾಡ್ತೀನಿ ಅನ್ನಾಕತ್ಯಾನ."

ಸಿನಿಮಾದ ಕೊನೆಗೆ ಅವಳು ನೀರಿಗೆ ಇಳಿದಳು. ಆಚೆ ದಂಡೆಯಲ್ಲಿ ದೀಪ. "ಹೊಳಿ ದಾಟಿದ್ರ ಅವನ ಮನಿ," ಅಂದಳು ಬೇಗಂ.

ದೊಡ್ಡವ್ವ ಮರಳಿಯವರೆಗೂ ಅಳುತ್ತ, ನಗುತ್ತ ನಡೆದಳಂತೆ. ಪ್ರೀತಿಗೆ ಇಷ್ಟು ಜಾಗ ಇರುತ್ತದೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಮರುವಾರ ಹುಲಗಪ್ಪನನ್ನು ಕರೆಸಿ, "ವರ್ಷಕ್ಕೊಮ್ಮೆ ಮಾನೌಮಿ ಅಮಾಸಿಗೆ ಗಿಡ್ಡಪ್ಪನ ಹಾಡು ಹಾಡಾಕ ಬಿಡ್ತಿಯೇನು?" ಅಂತ ಕೇಳಿದಳು. ಅವನು ಹೂಂ ಅಂದ. ಉಡಕಿಯ ದಿನ ಬೇಗಂ ತಾನೇ ಹಸಿರು ಬಳೆ ಇಟ್ಟು ಕುಷ್ಟಗಿಗೆ ಕಳಿಸಿದಳು.

ಮಾನೌಮಿ ಅಮಾಸೆ ಬಂತು. ದೊಡ್ಡವ್ವ ಮರಳಿಗೆ ಹೊರಟಾಗ ಅತ್ತೆ ಪಕ್ಕೀರವ್ವ ಬಾಗಿಲಿಗೆ ಅಡ್ಡ ನಿಂತಳು. "ಯಾರ ಸೀರಿ ಉಟ್ಟು ಯಾರಿಗೆ ಅಳ್ತಿ?" ಹೂಂ ಅಂದಿದ್ದ ಹುಲಗಪ್ಪ ಗೋಡೆ ನೋಡುತ್ತ ಕೂತ. ಕಲ್ಲು ಒಡೆಯುವ ಗಂಡಸಿಗೆ ತಾಯಿಯ ಮುಂದೆ ಬಾಯಿ ಒಡೆಯಲಿಲ್ಲ. ಮುಂದಿನ ವರ್ಷವೂ ಅದೇ ಕಥೆ. ಆದರೂ ದೊಡ್ಡವ್ವ ಸೋಲಲಿಲ್ಲ; ಇವರಿಗೆ ತಿಳಿಯದು, ಸಿನಿಮಾದವರಿಗೆ ತಿಳಿದಿದೆ ಅಂತ ಧೈರ್ಯ ಹೇಳಿಕೊಂಡಳು.

ಅದೇ ಸಿನಿಮಾ ಕುಷ್ಟಗಿಗೆ ಬಂತು. ಅತ್ತೆಗೆ ತೋರಿಸಿಯೇ ಬಿಡುತ್ತೇನೆ ಅಂತ ಪಕ್ಕೀರವ್ವನನ್ನೂ ಓಣಿಯ ಹೆಂಗಸರನ್ನೂ ಕರೆದುಕೊಂಡು ಹೋದಳು. ತಂಬೂರಿಯವನು ಬಂದ ಕೂಡಲೇ, "ನೋಡ್ರಿ ಅತ್ತಿ, ಇವನಾ ಆಕಿ ಉಡಕಿ ಗಂಡ," ಅಂದಳು.

ಮುಂದೆ ಕೂತಿದ್ದ ನೆರೆಮನೆಯ ಸರ್ದಾರಬೀ ನಕ್ಕಳು. "ಗಂಡ ಎಲ್ಲಿಯವ? ಮೈದುನ ಅವ! ಆಕಿ ಮತ್ತೊಂದು ಮದುವಿ ಒಲ್ಲೆ ಅಂತಾಳ. ನೋಡ್ತಿರು, ಹೊಳಿಗೆ ಬಿದ್ದು ಸಾಯ್ತಾಳ."

ಅವಳು ನೀರಿಗೆ ಇಳಿದಳು. ಸತ್ತಳು.

"ಇದನ್ನ ತೋರಸಾಕ ಕರಕೊಂಡು ಬಂದಿಯೇನು?" ಅಂದಳು ಪಕ್ಕೀರವ್ವ. ಹೆಂಗಸರೆಲ್ಲ ನಕ್ಕರು. ದೊಡ್ಡವ್ವನಿಗೆ ಆ ನೀರಿಗೆ ತನ್ನನ್ನೇ ಯಾರೋ ನೂಕಿದಂತಾಯಿತು.

ಮುಂದಿನ ಸಂತೆಗೆ ಕುಷ್ಟಗಿಗೆ ಬಂದ ಬೇಗಂ ಎಂದಿನಂತೆ ದೊಡ್ಡವ್ವನ ಮನೆಯ ಕಟ್ಟೆಯ ಮೇಲೆ ಕೂತು, ಹಳೆಯ ಬಳೆ ತೆಗೆದು, ಎಡಗೈಗೆ ಹೊಸವು ಇಟ್ಟಳು. ಬಲಗೈ ಹಿಡಿದಾಗ ದೊಡ್ಡವ್ವ ಕೇಳಿದಳು: "ಯಾಕ ಸುಳ್ಳು ಹೇಳಿದಿ? ಬಳಿ ಮಾರಾಕೇನು?"

ಬೇಗಂ ಕೈಯಲ್ಲಿದ್ದ ಬಳೆ ಕೆಳಗಿಟ್ಟಳು. "ತಂಬೂರಿಯವನ್ನ ನೋಡಿ ನೀ ನಕ್ಕಿ, ಉಡಚವ್ವ. ಗಿಡ್ಡಪ್ಪ ಹೋದಮ್ಯಾಲ ಅವತ್ತೇ ನಕ್ಕಿದ್ದು. ಮೈದುನ ಅನ್ನಾಕ ನನಗ ಬಾಯಿ ಬರಲಿಲ್ಲ."

"ನಿನ್ನ ಸಿನಿಮಾ ಭಾಳ ಛಲೋ ಇತ್ತು ಬೇಗಂ. ನಾ ಅದರಾಗ ಬಾಳೇ ಮಾಡಾಕ ಬಂದೆ. ಅಂಥಾದ್ದು ಎಲ್ಲೂ ಇಲ್ಲ ಅಂತ ಅವತ್ತಾ ಹೇಳಬೇಕಿತ್ತು."

ಬಲಗೈ ಎಳೆದುಕೊಂಡು ಒಳಗೆ ಹೋದಳು. ಸಾಯುವವರೆಗೂ ಆ ಕೈಗೆ ಬಳೆ ಇಡಲಿಲ್ಲ. ಅಪಶಕುನ ಅಂತ ಪಕ್ಕೀರವ್ವ ಬೈದಳು, ಹುಲಗಪ್ಪ ಬೇಡಿಕೊಂಡ. ನಾನೂ ಒಮ್ಮೆ ಕೇಳಿದ್ದೆ.

"ಸೀರಿ ಹುಲಗಪ್ಪಂದು, ಈ ಕೈ ಗಿಡ್ಡಪ್ಪಂದು," ಅಂದಳು. "ಹಾಡಾಕಂತೂ ಬಿಡಲಿಲ್ಲ."