ಪರದೆಗೆ ಬೆನ್ನು, ಜನರಿಗೆ ಮುಖ

ಬೆಳಗಿನ ಆಜಾನ್ ಮುಗಿದಿದೆ, ಬೀದಿದೀಪ ಇನ್ನೂ ಆರಿಲ್ಲ. ರಾಮನಗರದ ಹಳೇ ಓಣಿಯೊಂದರ ರೇಷ್ಮೆ ನೂಲು ಬಿಚ್ಚಣಿಕೆ ಶೆಡ್ಡಿನಲ್ಲಿ ಗೂಡು ಬೇಯುತ್ತಿದೆ. ಹಬೆ, ಹೊಗೆ, ಬೆಂದ ಹುಳುವಿನ ಘಾಟು. ಆ ಘಾಟಿನ ನಡುವೆ, ಮಗುಚಿಟ್ಟ ಬಕೆಟ್ಟಿನ ಮೇಲೆ ಕುಳಿತ ಗಿರಿಜಾಂಬ ಮೂಗು ಮುಚ್ಚಿಕೊಳ್ಳುವ ಆಸೆಯನ್ನು ಮರ್ಯಾದೆಗಾಗಿ ತಡೆದುಕೊಂಡು, ಪ್ಲಾಸ್ಟಿಕ್ ಕವರಿನೊಳಗಿನ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತುತ್ತಾರೆ. ಎದುರಿಗೆ ಅಖ್ತರಿ ಆಪಾ ಬಿಸಿನೀರಿನ ತೊಟ್ಟಿಯಲ್ಲಿ ಬೆರಳಾಡಿಸಿ ಎಳೆ ಹುಡುಕುತ್ತ, ತಾವು ನೋಡಿ ಬಂದ ಸಿನಿಮಾದ ಕತೆ ಹೇಳುತ್ತಿದ್ದಾರೆ.

"ಅತ್ತೆ ಬಂದ್ಳು. ಬಾಗ್ಲು ಒದ್ದಳು. ಸೊಸೆ ಅಲ್ಲೇ ನಿಂತವ್ಳೆ, ಜಪ್ಪಯ್ಯ ಅನ್ನಲಿಲ್ಲ."

"ಆಮೇಕೆ?" ಸುತ್ತಲಿನ ಹೆಂಗಸರು ಒಟ್ಟಿಗೆ ಕೇಳುತ್ತಾರೆ.

"ಆಮೇಕೆ ಸೊಸೆ ಕಣ್ಣಲ್ಲಿ ನೀರು..."

ಅಷ್ಟರಲ್ಲಿ ಶೆಡ್ಡಿನ ಯಜಮಾನ ಸಮದ್ ಸಾಹೇಬರು ಬಾಗಿಲಿನಿಂದಲೇ ಕೂಗುತ್ತಾರೆ: "ಏ ಅಖ್ತರಿ, ಈಗ ಅಳ್ಸಬ್ಯಾಡ ಕಣಮ್ಮ! ಅವ್ಳು ಅಲ್ಲಿ ಅತ್ರೆ ಇಲ್ಲಿ ನನ್ನ ಎಳೆ ತುಂಡಾಯ್ತವೆ. ಗೂಡು ಬದ್ಲಾಯ್ಸೋವಾಗ ಅಳ್ಸು!"

ಅಖ್ತರಿ ಆಪಾ ಸೊಸೆಯ ಕಣ್ಣೀರನ್ನು ಹಾಗೇ ಅರ್ಧಕ್ಕೆ ನಿಲ್ಲಿಸಿ ಒಂದು ಹಾಡಿಗೆ ಹೋಗುತ್ತಾರೆ. ಗಿರಿಜಾಂಬ ಅದನ್ನೂ ಬರೆದುಕೊಳ್ಳುತ್ತಾರೆ.

ಗಿರಿಜಾಂಬ ಚನ್ನಪಟ್ಟಣದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೆಳಗ್ಗೆ ಶೆಡ್ಡು, ಆಮೇಲೆ ಬಸ್ಸು, ಹಗಲೆಲ್ಲ ಪಾಠ, ಸಂಜೆ ಯಾವುದಾದರೂ ಊರಿನ ಟಾಕೀಸು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸಿನಿಮಾ ಪ್ರೇಕ್ಷಕರ ಮೇಲೆ ಸಂಸ್ಕೃತಿ ಅಧ್ಯಯನದ ಪಿಎಚ್.ಡಿ. ಮಾಡುತ್ತಿದ್ದಾರೆ. ಸಿನಿಮಾದ ಮೇಲಲ್ಲ, ಪ್ರೇಕ್ಷಕರ ಮೇಲೆ. ಈ ವ್ಯತ್ಯಾಸವನ್ನು ಕಲ್ಯ ಗ್ರಾಮದಲ್ಲಿ ರಾಗಿ ಬೆಳೆಯುವ ತಂದೆ ಗವಿಸಿದ್ದಯ್ಯನವರಿಗೆ ತಿಳಿಹೇಳುವಷ್ಟರಲ್ಲಿ ಗಿರಿಜಾಂಬರಿಗೆ ಸಾಕುಸಾಕಾಗಿತ್ತು. ಈಗ ತಂದೆಯೇ ಊರವರಿಗೆ ಬಿಡಿಸಿ ಹೇಳುತ್ತಾರೆ: "ಜನ ಸಿನ್ಮಾ ನೋಡ್ತಾರೆ. ನನ್ ಮಗ್ಳು ಆ ಜನನ ನೋಡ್ತಾಳೆ. ಇವ್ಳನ್ನ ನೋಡಕ್ಕೆ ಬಂದ ಗಂಡುಗೋಳು ಇದೇನ್ ಕೆಲ್ಸ ಅಂತ ಕೇಳಿ, ಉಪ್ಪಿಟ್ಟು ತಿಂದ್ಬುಟ್ಟು ಹೊಂಟೋದ್ರು."

ಜನರನ್ನು ನೋಡುವುದೂ ಸುಲಭವಲ್ಲ. ಟಾಕೀಸಿನಲ್ಲಿ ಗಿರಿಜಾಂಬ ಮುಂದಿನ ಸಾಲಿನಲ್ಲಿ ಕೂತು ಹಿಂದಕ್ಕೆ ತಿರುಗಿಕೊಳ್ಳುತ್ತಾರೆ. ಪರದೆಗೆ ಬೆನ್ನು, ಜನರಿಗೆ ಮುಖ. ಕನಕಪುರದಲ್ಲಿ ದೊಡ್ಡಆಲಹಳ್ಳಿಯ ಹಿರಿಯರೊಬ್ಬರು ಪಾಪ ಅನ್ನಿಸಿ ಎದ್ದು ಬಂದು, "ಅವ್ವಾ, ಸಿನ್ಮಾ ಆ ಕಡೆ ಐತೆ" ಎಂದು ಭುಜ ಹಿಡಿದು ತಿರುಗಿಸಿದ್ದರು. ಮಾಗಡಿಯಲ್ಲಿ ಗೇಟಿನವನು ತೆರಿಗೆ ಇಲಾಖೆಯವರಿರಬೇಕೆಂದು ಹೆದರಿ ಗೋಲಿ ಸೋಡಾ ತಂದುಕೊಟ್ಟ. ಚನ್ನಪಟ್ಟಣದಲ್ಲಂತೂ ಅವರದೇ ವಿದ್ಯಾರ್ಥಿಗಳು ಸಾಲಾಗಿ ಕೂತಿದ್ದರು. ಮೇಡಂ ತಿರುಗಿ ನೋಡುತ್ತಿರುವುದನ್ನು ಕಂಡು ಯಾರೂ ಶಿಳ್ಳೆ ಹೊಡೆಯಲಿಲ್ಲ. ಹೀರೋ ಬಂದಾಗ ಕೈಕಟ್ಟಿ ಕೂತರು. "ಅವತ್ತಿನ ಅಧ್ಯಯನ ಪೂರ್ತಿ ಹಾಳು" ಎಂದು ಗಿರಿಜಾಂಬ ನಗುತ್ತಾರೆ.

ಅವರ ಸಿದ್ಧಾಂತ ಮಾತಿನಲ್ಲಿ ಸರಳ. ಪ್ರೇಕ್ಷಕ ಸಿನಿಮಾವನ್ನು ಹಾಗೇ ನುಂಗುವುದಿಲ್ಲ. ಅಗಿಯುತ್ತಾನೆ, ಬೇಕಾದ್ದನ್ನು ಇಟ್ಟುಕೊಳ್ಳುತ್ತಾನೆ, ಬೇಡದ್ದನ್ನು ಉಗುಳುತ್ತಾನೆ. ಇದಕ್ಕೆ ಸಾಕ್ಷಿ ಬೇಕಿತ್ತು. ಅದು ಈ ಶೆಡ್ಡಿನಲ್ಲೇ ಸಿಕ್ಕಿತು.

ಕಳೆದ ವರ್ಷ ಒಂದು ಸಂಸಾರದ ಚಿತ್ರ ಬಂದಿತ್ತು. ಅದರ ಕೊನೆಯಲ್ಲಿ ಸೊಸೆ ಗಂಡನ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತಾಳೆ. ಆದರೆ ಶೆಡ್ಡಿನ ಹೆಂಗಸರಲ್ಲಿ ಯಾರನ್ನು ಕೇಳಿದರೂ ಬೇರೆಯದೇ ಉತ್ತರ. ಸೊಸೆ ಹೊಲಿಗೆ ಯಂತ್ರ ಹೊತ್ತುಕೊಂಡು ಹೊರಟಳು, ಬೇರೆ ಮನೆ ಮಾಡಿದಳು, ಗಂಡ ಬಂದು ಬೀದಿ ನಲ್ಲಿಯಲ್ಲಿ ಬಿಂದಿಗೆ ಹಿಡಿದು ಕಾದ, ನೀರು ಹೊತ್ತು ಹಾಕಿದ ಮೇಲೆಯೇ ಒಳಗೆ ಸೇರಿಸಿದಳು. ಒಬ್ಬರಲ್ಲ, ಎಲ್ಲರೂ ಹೀಗೇ ಹೇಳಿದರು. ಗಿರಿಜಾಂಬರಿಗೆ ಮೈ ಜುಮ್ಮೆಂದಿತು. ಇಡೀ ಶೆಡ್ಡೇ ಸಿನಿಮಾದ ಕೊನೆಯನ್ನು ತಿರಸ್ಕರಿಸಿತ್ತು! 'ರಾಮನಗರದ ಹೆಂಗಸರ ಪ್ರತಿರೋಧದ ಓದು' ಎಂಬ ಅಧ್ಯಾಯ ಸಿದ್ಧವಾಯಿತು. ಬೆಂಗಳೂರಿನ ಗೈಡ್ ಓದಿ, ಎರಡು ಸಲ ಫೋನ್ ಮಾಡಿ ಹೊಗಳಿದರು. ಈ ಅಧ್ಯಾಯ ಗಟ್ಟಿಯಾಗಿ ನಿಂತರೆ ಪ್ರಬಂಧ ಮುಗಿದಂತೆ. ಪ್ರಬಂಧ ಮುಗಿದರೆ, ಎಷ್ಟೋ ವರ್ಷದಿಂದ ಕಾಲೇಜಿಗೆ 'ಅತಿಥಿ'ಯಾಗಿರುವುದೂ ಮುಗಿಯಬಹುದು.

ಒಂದು ಪ್ರಶ್ನೆ ಮಾತ್ರ ಅವರ ಪ್ರಶ್ನಾವಳಿಯಲ್ಲಿ ಇರಲಿಲ್ಲ: "ನೀವು ಟಾಕೀಸಿಗೆ ಹೋಗಿದ್ರಾ?"

ಯಾರೂ ಹೋಗಿರಲಿಲ್ಲ. ಶೆಡ್ಡಿಗೆ ಶುಕ್ರವಾರ ಮಧ್ಯಾಹ್ನ ರಜೆ. ಮನೆ ತುಂಬ ಕೆಲಸವಿರುವವರು ಹೊರಡುವುದೆಲ್ಲಿ? ಎಲ್ಲರ ಪರವಾಗಿ ಅಖ್ತರಿ ಆಪಾ ಒಬ್ಬರೇ ಮ್ಯಾಟಿನಿಗೆ ಹೋಗಿ ಬರುತ್ತಾರೆ, ಶನಿವಾರದಿಂದ ಕತೆ ಶುರು. ಇದು ತಿಳಿದಾಗ ಗಿರಿಜಾಂಬ ಒಂದಿಷ್ಟು ಬೆವರಿದರೂ ಸಮಾಧಾನ ಮಾಡಿಕೊಂಡರು. ಹಾಗಾದರೆ ಪ್ರತಿರೋಧ ಆಪಾ ಒಬ್ಬರದೇ ಇರಬೇಕು. ನೋಡಿಯೇ ಬಿಡೋಣ ಎಂದು ಮುಂದಿನ ಶುಕ್ರವಾರ ಅವರ ಜೊತೆಗೇ ಹೋದರು.

ಟಾಕೀಸಿನಲ್ಲಿ ಆಪಾ ಮೊದಲರ್ಧವನ್ನು ಕಣ್ಣು ಮಿಟುಕಿಸದೆ ನೋಡಿದರು. ಇಂಟರ್ವಲ್ಲಿನಲ್ಲಿ ಚುರುಮುರಿ ತಿಂದರು. ದೀಪ ಆರಿತು. ಗಿರಿಜಾಂಬ ಪಕ್ಕಕ್ಕೆ ತಿರುಗಿ ನೋಡುತ್ತಾರೆ: ಪ್ರತಿರೋಧದ ಓದುಗರು ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾರೆ! ಮಬ್ಬುಗತ್ತಲಿಗೇ ಎದ್ದು ಬೇಯುವ ತೊಟ್ಟಿಯ ಮುಂದೆ ಕೂರುವ ಜೀವಕ್ಕೆ ವಾರಕ್ಕೊಮ್ಮೆ ಸಿಗುವ ಕತ್ತಲು, ಫ್ಯಾನು, ಮೆತ್ತನೆ ಕುರ್ಚಿ. 'ಶುಭಂ' ಬಂದಾಗ ಗಿರಿಜಾಂಬರೇ ತಟ್ಟಿ ಎಬ್ಬಿಸಬೇಕಾಯಿತು.

"ಚೆನ್ನಾಗಿತ್ತು ಅಲ್ವಾ ಮೇಡಮ್ಮ?" ಎಂದರು ಆಪಾ, ಕಣ್ಣುಜ್ಜಿಕೊಳ್ಳುತ್ತ.

ಗಿರಿಜಾಂಬರ ಅಧ್ಯಾಯ ಚುರುಮುರಿ ಪೊಟ್ಟಣದ ಜೊತೆಗೆ ಕಾಲಡಿ ಬಿದ್ದಿತ್ತು.

ಮರುದಿನ ಬೆಳಗ್ಗೆ ಆಪಾ ದ್ವಿತೀಯಾರ್ಧವನ್ನು ಒಂದು ಚೂರೂ ತಡವರಿಸದೆ ಹೇಳಿದರು. ವಿಲನ್‌ಗೆ ಪಾರ್ಶ್ವವಾಯು ಬಡಿಯಿತು, ನಾಯಕಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಚರಕದ ಮುಂದೆ ಕೂತಿದ್ದ ಮುನ್ನೀ, ಶೆಡ್ಡಿನಲ್ಲೇ ಬಾಯಿ ಜೋರಿನವಳು, ಥಟ್ಟನೆ ತಿರುಗಿದಳು.

"ಮೇಡಮ್ಮ, ನೀವೂ ಹೋಗಿದ್ರಲ್ಲ? ಹಿಂಗೇ ಆಯ್ತಾ?"

ಆಪಾ ಕೈ ತೊಟ್ಟಿಯಲ್ಲೇ ನಿಂತಿತು. ನಿಜ ಹೇಳಿದರೆ ಆಪಾ ಮರ್ಯಾದೆ ಹೋಗುತ್ತದೆ, ಹೌದೆಂದರೆ ಅಧ್ಯಯನದ ಮರ್ಯಾದೆ. ಗಿರಿಜಾಂಬ ಮೊಬೈಲಿನ ರೆಕಾರ್ಡಿಂಗ್ ನಿಲ್ಲಿಸಿದರು.

"ನಂಗೇನು ಗೊತ್ತು ಮುನ್ನೀ? ಇಂಟರ್ವಲ್ ಆದ್ಮೇಲೆ ನಾನು ನಿದ್ದೆ ಹೋಗ್ಬುಟ್ಟೆ."

"ಹೌದೌದು," ಆಪಾ ತಕ್ಷಣ ಹಿಡಿದುಕೊಂಡರು. "ಒಂದೇ ಸಮ ಗೊರಕೆ! ನಾನೇ ತಟ್ಟಿ ಎಬ್ಬಿಸ್ದೆ. ಓದ್ದೋರು ಪಾಪ, ಒಸಿ ಸುಸ್ತಾಗಿರ್ತಾರೆ."

ಮೊದಲು ನಕ್ಕವಳು ಮುನ್ನೀ. ಆಮೇಲೆ ಎಲ್ಲರೂ ಎಷ್ಟು ನಕ್ಕರೆಂದರೆ, ಸಮದ್ ಸಾಹೇಬರು ತುಂಡಾದ ಎಳೆಗಳನ್ನು ನೋಡಿ ಹಣೆ ಚಚ್ಚಿಕೊಂಡರು.

"ಆಪಾ ಮಲಗ್ತಾಳೆ ಅಂತ ನಮ್ಗೆ ಗೊತ್ತಿಲ್ವಾ?" ಮುನ್ನೀ ಕಣ್ಣೊರೆಸಿಕೊಂಡಳು. "ವಾರವೆಲ್ಲ ಬಾಡ್ದಂಗಿರೋಳು ಶನಿವಾರ ಮಾತ್ರ ಮದ್ವೆ ಹೆಣ್ಣಂಗೆ ಬತ್ತಾಳೆ. ಸಿನ್ಮಾ ನೋಡ್ದೋರ ಮುಖ ಹಂಗಿರ್ತದಾ? ಆ ಹೊಲಿಗೆ ಯಂತ್ರದ ಸಿನ್ಮಾ ಐತಲ್ಲ, ಅದನ್ನ ಚನ್ನಪಟ್ಣದಲ್ಲಿ ನಮ್ಮಕ್ಕ ನೋಡಿದ್ಲು. ಸೊಸೆ ಕಾಲಿಗೆ ಬಿದ್ಳು ಅಂತ ಬಂದು ಹೇಳಿದ್ಲು. ಸುಮ್ನಿರೇ, ನಿಮ್ಮೂರ ಟಾಕೀಸಲ್ಲಿ ಸರಿಯಾಗಿ ತೋರ್ಸಿಲ್ಲ ಅಂತ ಬಾಯಿ ಮುಚ್ಚಿಸಿದ್ವಿ."

"ಯಾರೇ ಮಲಗಿದ್ದು?" ಆಪಾ ಮುಖ ಕೆಂಪಾಗಿತ್ತು. "ಕಣ್ಮುಚ್ಕಂಡು ಕೇಳ್ತಿದ್ದೆ!"

ಗಿರಿಜಾಂಬರಿಗೆ ಬಕೆಟ್ಟಿನ ಮೇಲೆ ಕೂತಲ್ಲೇ ಅರ್ಥವಾಯಿತು. ಶೆಡ್ಡಿಗೆ ನಿಜವಾದ ಕೊನೆ ಗೊತ್ತಿತ್ತು. ಗೊತ್ತಿದ್ದೂ ಬೇಡವೆಂದಿತ್ತು. ಅಧ್ಯಾಯದ ತೀರ್ಮಾನ ಸರಿ, ಕಾರಣಗಳೆಲ್ಲ ತಪ್ಪು. ಗೈಡ್‌ಗೆ ಫೋನಿನಲ್ಲಿ ಗೊರಕೆಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದರು. ಅವರು ಎಲ್ಲ ಕೇಳಿ, "ಮೊದಲಿಂದ ಬರೀಬೇಕಾಗುತ್ತಲ್ಲಮ್ಮ. ನಿದ್ದೆಯಿಂದಲೇ ಶುರು ಮಾಡಿ" ಎಂದರು.

ಹಾಗಾಗಿ ಪ್ರಬಂಧ ಇನ್ನೂ ಮುಗಿದಿಲ್ಲ, ಗಿರಿಜಾಂಬ ಇನ್ನೂ ಅತಿಥಿಯೇ. ಹೊಸ ಅಧ್ಯಾಯದಲ್ಲಿ ಆಪಾ ಹೆಸರು ಬರೆಯಬಹುದೇ ಎಂದು ಕೇಳಿದ್ದಕ್ಕೆ ಒಪ್ಪಿಗೆ ಸಿಕ್ಕಿದೆ, ಷರತ್ತಿನ ಮೇಲೆ. "ಗೊರಕೆ ಅಂತ ಬರೀಬ್ಯಾಡಿ. ಉಸಿರು ಒಸಿ ಜೋರು ಅಂತ ಬರ್ಕಳಿ."

ಬಸ್ಸಿನ ಹೊತ್ತಾಗಿದೆ. ಪ್ರಬಂಧ ಮುಗಿದ ಮೇಲೆ ಏನು ಆಸೆ ಎಂದು ಕೇಳಿದರೆ ಗಿರಿಜಾಂಬ ಚೀಲ ಹೆಗಲಿಗೇರಿಸಿಕೊಂಡು ಯೋಚಿಸುತ್ತಾರೆ. "ಒಂದ್ ಸಿನಿಮಾಗೆ ಹೋಗ್ಬೇಕು. ಜನರ ಕಡೆ ತಿರುಗ್ದೆ, ಪರದೆ ಕಡೆ ಮುಖ ಮಾಡ್ಕಂಡು ಕೂರ್ಬೇಕು. ಇಂಟರ್ವಲ್ ಆಗ್ತಿದ್ದಂಗೇ ಹಾಯಾಗಿ ಮಲಗ್ಬುಡ್ಬೇಕು."

"ಮಲಗಿ ಮೇಡಮ್ಮ," ಹಬೆಯ ಆಚೆಯಿಂದ ಅಖ್ತರಿ ಆಪಾ ದನಿ ಬರುತ್ತದೆ. "ಏನಾಯ್ತು ಅಂತ ಬೆಳಗ್ಗೆ ನಾನು ಹೇಳ್ತೀನಿ."